ಕಸಬಾ ಪೇಟೆಯ ಜರ್ಮನ್ ಮಷಿನ್

ನಮ್ಮ ಅಡುಗೆಮನೆಯಲ್ಲಿ ಎರಡು ತಕ್ಕಡಿಗಳಿದ್ದವು. ಒಂದು ಬೇಳೆ ಬೆಲ್ಲ ತೂಗುವ ಕಬ್ಬಿಣದ್ದು, ಬಾಗಿಲ ಹಿಂದಿನ ಮೊಳೆಗೆ ಜೋತುಬಿದ್ದಿರುತ್ತಿತ್ತು. ಇನ್ನೊಂದು ಗಾಜಿನ ಪೆಟ್ಟಿಗೆಯೊಳಗಿನ ಹಿತ್ತಾಳೆಯ ತಕ್ಕಡಿ. ಮುಚ್ಚಿಹೋದ ಯಾವುದೋ ಔಷಧದ ಅಂಗಡಿಯಿಂದ ಅಪ್ಪ ಅದನ್ನು ತಂದಿದ್ದ. ಗೋಡೆಯ ಕಲ್ಲಿನ ಮಾಡದಲ್ಲಿ, ಉಪ್ಪಿನಕಾಯಿಯ ಭರಣಿಗಳ ಪಕ್ಕದಲ್ಲಿ ಅದಕ್ಕೆ ಜಾಗ. ಹತ್ತಿರ ನಿಂತು ಉಸಿರು ಬಿಟ್ಟರೂ ಅದರ ಮುಳ್ಳು ಅಲುಗುತ್ತಿತ್ತು. ಆ ತಕ್ಕಡಿಯಲ್ಲಿ ಅವ್ವ ರೇಸಿನ ಕಾರುಗಳ ಪಿಸ್ಟನ್ ತೂಗುತ್ತಿದ್ದಳು. ಇದನ್ನು ಈಗ ಹೇಳಿದರೆ ಜನ ನಗುತ್ತಾರೆ. ನಗಲಿ. ಪುಣೆಯ ಹೊರಗಿನ ಭೋಸರಿಯಲ್ಲಿ ಇವತ್ತು ನಾನು ನಡೆಸುವ ವರ್ಕ್‌ಶಾಪಿನಲ್ಲಿ ಇದೇ ಕೆಲಸಕ್ಕೆ ಎರಡು ಮಷಿನ್‌ಗಳಿವೆ, ಹವಾನಿಯಂತ್ರಿತ ಖೋಲಿಯಿದೆ, ಬಿಳಿ ಕೋಟು ಹಾಕಿದ ಹುಡುಗಿಯರಿದ್ದಾರೆ. ಹೊಸ ಗಿರಾಕಿಗಳು ಕಂಪನಿಯ ಇತಿಹಾಸ ಕೇಳಿದಾಗ ನಾನು ಉಪ್ಪಿನಕಾಯಿಯ ಭರಣಿಯಿಂದಲೇ ಶುರು ಮಾಡುತ್ತೇನೆ. ನನ್ನ ತಮ್ಮನಿಗೆ ಅದು ಸೇರುವುದಿಲ್ಲ.

ನಾವಿದ್ದದ್ದು ಪುಣೆಯ ಕಸಬಾ ಪೇಟೆಯ ಒಂದು ಹಳೆಯ ವಾಡೆಯಲ್ಲಿ. ಮುಂದಿನ ಭಾಗದಲ್ಲಿ ಮಾಲೀಕರು, ಮಹಡಿಯ ಮೇಲೆ ಮೂರು ಬಿಡಾರ, ಹಿಂಭಾಗದಲ್ಲಿ ನಾವು. ಒಂದು ಪಡಸಾಲೆ, ನಡುಮನೆ, ಅಡುಗೆಮನೆ, ಆಚೆಗೆ ಬಚ್ಚಲು, ಬಚ್ಚಲಿಗೆ ಹತ್ತಿಕೊಂಡು ಒಂದು ಸಣ್ಣ ಹಿತ್ತಲ ಖೋಲಿ. ಮನೆಯ ಹಿಂದಿನ ಓಣಿಯಲ್ಲಿ ತಾಂಬಟರು, ಎಂದರೆ ತಾಮ್ರದ ಕೆಲಸದವರು. ಬೆಳಿಗ್ಗೆ ಎಂಟಕ್ಕೆ ಹಂಡೆ ಕೊಡಗಳನ್ನು ಬಡಿಯಲು ಕೂತರೆ ಇಡೀ ಪೇಟೆಯ ಗೋಡೆಗಳು ಸಣ್ಣಗೆ ಗುಂಯ್‌ಗುಟ್ಟುತ್ತಿದ್ದವು. ನಮಗೆ ಅದು ರೂಢಿಯಾಗಿ ಕಿವಿಗೇ ಬೀಳುತ್ತಿರಲಿಲ್ಲ, ತಕ್ಕಡಿಗೆ ಮಾತ್ರ ರೂಢಿಯಾಗಲಿಲ್ಲ. ನಡುಮನೆಯಲ್ಲಿ ಇಟ್ಟು ನೋಡಿದರು, ಪಡಸಾಲೆಯಲ್ಲಿ ಇಟ್ಟು ನೋಡಿದರು, ಎಲ್ಲಿಟ್ಟರೂ ಮುಳ್ಳು ನಿಲ್ಲಲಿಲ್ಲ. ಅಡುಗೆಮನೆಯ ಗೋಡೆ ಒಂದೂವರೆ ಮೊಳ ದಪ್ಪದ ಕಲ್ಲಿನದು, ಅಲ್ಲಿ ಗಾಳಿಯೂ ಆಡುತ್ತಿರಲಿಲ್ಲ, ಅದಕ್ಕೇ ಅದು ಅಲ್ಲಿಗೆ ಬಂತು. ಅಲ್ಲಿಗೆ ಬಂದರೂ ಮಧ್ಯಾಹ್ನ ಒಂದರಿಂದ ಎರಡೂವರೆಯವರೆಗೆ, ತಾಂಬಟರು ಉಂಡು ಅಡ್ಡಾಗುವ ಹೊತ್ತಿನಲ್ಲಿ ಮಾತ್ರ, ಅದು ಸರಿಯಾದ ತೂಕ ಹೇಳುತ್ತಿತ್ತು. ಮನೆಯವರೆಲ್ಲ ಉಂಡ ಮೇಲೆ ಉಣ್ಣುವ ಅವ್ವ ಆ ಒಂದೂವರೆ ತಾಸು ಉಪವಾಸ ಕೂತು ತೂಗಿ, ಸುತ್ತಿಗೆಗಳು ಮತ್ತೆ ಶುರುವಾದ ಮೇಲೆ ತಾಟು ಹಾಕಿಕೊಳ್ಳುತ್ತಿದ್ದಳು.

ಅಪ್ಪ ಬಿಜಾಪುರದ ಕಡೆಯಿಂದ ಬಂದು ಒಂದು ಫ್ಯಾಕ್ಟರಿಯ ಟೂಲ್‌ರೂಮಿನಲ್ಲಿ ಕೆಲಸಕ್ಕಿದ್ದ. ಬಂಧು ಬಳಗದಲ್ಲಿ ಎಲ್ಲರೂ ಕಾರಕೂನರು, ಮಾಸ್ತರರು, ಒಂದಿಬ್ಬರು ಪುರೋಹಿತರು. ಎಣ್ಣೆ ಗ್ರೀಸಿನಲ್ಲಿ ಕೈ ಹಾಕಿದವನು ಇವನೊಬ್ಬನೇ. ಆಗ ನಮ್ಮ ದೇಶದ ರಸ್ತೆಯಲ್ಲಿ ಎರಡೋ ಮೂರೋ ಜಾತಿಯ ಕಾರುಗಳು, ಅವೂ ವರ್ಷಗಟ್ಟಲೆ ಕಾದರೆ ಸಿಗುವಂಥವು. ಆ ಕಾರುಗಳನ್ನೇ ತೆಗೆದುಕೊಂಡು ಹೊಟ್ಟೆ ಬಗೆದು, ಹಗುರ ಮಾಡಿ, ಮದ್ರಾಸಿನ ಹತ್ತಿರದ ವಿಮಾನ ಇಳಿಯುವ ಹಳೆಯ ಪಟ್ಟಿಯ ಮೇಲೆ ಓಡಿಸುವ ಹುಚ್ಚಿನ ಮಂದಿ ಪುಣೆ ಮುಂಬಯಿಗಳಲ್ಲಿ ಇದ್ದರು. ಹೊರದೇಶದಿಂದ ಸಾಮಾನು ತರಿಸಲು ಪರವಾನಗಿ ಸಿಗುತ್ತಿರಲಿಲ್ಲ. ಅಂಥವನೊಬ್ಬ ಅಪ್ಪನ ಕೈಗೆ ಒಂದು ಒಡೆದ ಪಿಸ್ಟನ್ ಕೊಟ್ಟು ಇದಕ್ಕಿಂತ ಗಟ್ಟಿ, ಇದಕ್ಕಿಂತ ಹಗುರ ಮಾಡಿಕೊಡುತ್ತೀಯಾ ಅಂದ. ಅಪ್ಪ ಮಾಡಿಕೊಟ್ಟ. ಎರಡು ವರ್ಷದಲ್ಲಿ ನೌಕರಿ ಬಿಟ್ಟು ಭೋಸರಿಯಲ್ಲಿ ಅರ್ಧ ಶೆಡ್ಡು ಬಾಡಿಗೆಗೆ ಹಿಡಿದು, ಹಳೆಯ ಲೇಥ್ ಒಂದನ್ನು ಹಾಕಿಕೊಂಡು ಕೂತ. ಅಪ್ಪನ ತಾಯಿ, ನಮ್ಮ ಅಜ್ಜಿ, ಈ ದಂಧೆಯ ಬಗ್ಗೆ ಕೇಳಿದ್ದು ಒಂದೇ ಪ್ರಶ್ನೆ.

"ಓಡೋ ಕಾರಿಗೆ ಮತ್ತೇನ್ ಓಡಸ್ತಿ ಅಂತೀನಿ?"

ಅಪ್ಪ ಅದಕ್ಕೆ ಕೊನೆಯವರೆಗೂ ಅಜ್ಜಿಗೆ ತಿಳಿಯುವಂಥ ಉತ್ತರ ಕೊಡಲಿಲ್ಲ.

ತೂಕದ ವಿಷಯ ಹೇಳಬೇಕು, ಇಲ್ಲದಿದ್ದರೆ ಅವ್ವನ ಕೆಲಸ ಏನೆಂದು ಅರ್ಥವಾಗುವುದಿಲ್ಲ. ಕಾರಿನ ಎಂಜಿನ್ನಿನಲ್ಲಿ ನಾಲ್ಕು ಪಿಸ್ಟನ್‌ಗಳು ಮೇಲೆ ಕೆಳಗೆ ಓಡುತ್ತವೆ. ನಿಧಾನ ಓಡುವ ಕಾರಿನಲ್ಲಿ ಒಂದು ತುಸು ಭಾರವಿದ್ದರೂ ನಡೆದುಹೋಗುತ್ತದೆ. ರೇಸಿನ ಕಾರಿನಲ್ಲಿ ನಡೆಯುವುದಿಲ್ಲ. ಎಂಜಿನ್ ನಡುಗುತ್ತದೆ, ನಡುಗಿ ನಡುಗಿ ಒಡೆಯುತ್ತದೆ, ಒಳಗೆ ಕೂತವನ ಜೀವಕ್ಕೇ ಕುತ್ತು. ನಾಲ್ಕನ್ನೂ ತೂಗಿ, ಎಲ್ಲಕ್ಕಿಂತ ಹಗುರಾದದ್ದನ್ನು ಹುಡುಕಿ, ಉಳಿದ ಮೂರನ್ನು ಒಳಮೈಯಲ್ಲಿ ಹೆರೆದು ಹೆರೆದು ಅದರ ಸಮಕ್ಕೆ ತರಬೇಕು. ಹೆಚ್ಚು ಹೆರೆದರೆ ಮುಗಿಯಿತು, ಈಗ ಅದೇ ಎಲ್ಲಕ್ಕಿಂತ ಹಗುರು, ಉಳಿದವನ್ನೆಲ್ಲ ಮತ್ತೆ ಹೆರೆಯಬೇಕು. ಮೊದಮೊದಲು ಅಪ್ಪನೇ ಇದನ್ನು ಮಾಡುತ್ತಿದ್ದ, ಬೈಯುತ್ತ ಮಾಡುತ್ತಿದ್ದ. ಒಂದು ದಿನ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅವ್ವ ಕೈ ಒರೆಸಿಕೊಂಡು ಬಂದು, ಮಣೆಯ ಮೇಲಿಟ್ಟಿದ್ದ ನಾಲ್ಕನ್ನೂ ಒಂದೊಂದಾಗಿ ಅಂಗೈಯಲ್ಲಿಟ್ಟು ನೋಡಿದಳು.

"ಇದು ಭಾರ ಅದರಿ. ಇದು ಹಗರ. ಇವೆರಡೂ ಒಂದss."

ಅಪ್ಪ ತೂಗಿ ನೋಡಿದ. ಹಾಗೆಯೇ ಇತ್ತು. ಆವತ್ತಿನಿಂದ ಹೆರೆಯುವ ಚೂರಿ ಅವ್ವನ ಕೈಗೆ ಹೋಯಿತು. ಅವಳಲ್ಲಿ ಏನೋ ದೈವದತ್ತ ಶಕ್ತಿಯಿತ್ತು ಅಂತ ನಾನು ಹೇಳಲಾರೆ, ನಂಬುವುದೂ ಇಲ್ಲ. ದಿನಕ್ಕೆ ನಲವತ್ತು ರೊಟ್ಟಿಗೆ ಒಂದೇ ಅಳತೆಯ ಹಿಟ್ಟು ಮುರಿಯುವ ಕೈ ಅದು. ಅದಕ್ಕಿಂತ ಮುಖ್ಯವಾಗಿ ಅವಳಿಗೆ ಸಾಕು ಅನ್ನುವುದು ಗೊತ್ತಾಗುತ್ತಿತ್ತು. ಅಪ್ಪ ಯಾವಾಗಲೂ ಇನ್ನೊಂದು ಸಲ ಕೈ ಆಡಿಸುವವನು. ಅವ್ವ ಒಂದು ಕೂದಲಿನಷ್ಟು ಮೊದಲೇ ಚೂರಿ ಕೆಳಗಿಟ್ಟು, ಉಳಿದದ್ದನ್ನು ಬಟ್ಟೆಯಿಂದ ತಿಕ್ಕಿ ತೆಗೆಯುತ್ತಿದ್ದಳು.

ಅಡುಗೆಮನೆ ಅಜ್ಜಿಯ ಮಡಿಯ ಸಾಮ್ರಾಜ್ಯ. ಅಲ್ಲಿಗೆ ಎಂಜಿನ್ನಿನ ಸಾಮಾನು ಬಿಡುವುದೆಂದರೆ ಸಣ್ಣ ಮಾತಲ್ಲ. ಅಜ್ಜಿ ಎರಡು ದಿನ ಯೋಚಿಸಿ ತೀರ್ಪು ಕೊಟ್ಟಳು. ಲೋಹಕ್ಕೆ ಮೈಲಿಗೆಯಿಲ್ಲ, ಹಿತ್ತಲಲ್ಲಿ ಚಿಮಣಿ ಎಣ್ಣೆಯಿಂದ ತೊಳೆದು, ಮೇಲೆ ಕುದಿಯುವ ನೀರು ಹಾಕಿ ಒಳಗೆ ತರಬಹುದು. ತಕ್ಕಡಿ ಮುಟ್ಟುವವರು ಸ್ನಾನ ಮಾಡಿರಬೇಕು. ಚರ್ಮದ ಚೀಲ ಒಳಗೆ ಬರಕೂಡದು. ಭೋಸರಿಯಿಂದ ಅಪ್ಪ ಪಿಸ್ಟನ್‌ಗಳನ್ನು ಅರಿವೆಯ ಗಂಟಿನಲ್ಲಿ ಕಟ್ಟಿ ಸಾಯಕಲ್ಲಿಗೆ ನೇತುಹಾಕಿಕೊಂಡು ತರುತ್ತಿದ್ದ, ನೋಡಿದವರು ಬದನೆಕಾಯಿ ತಂದಿದ್ದಾನೆ ಅನ್ನಬೇಕು. ಈ ನಿಯಮಗಳ ಜೊತೆಗೆ ಇನ್ನೊಂದು ಇತ್ತು, ಅದನ್ನು ಯಾರೂ ಬಾಯಿಬಿಟ್ಟು ಹೇಳುವ ಅಗತ್ಯವಿರಲಿಲ್ಲ. ತಿಂಗಳಿಗೆ ಮೂರು ದಿನ ಅವ್ವ ಹೊರಗೆ ಕೂಡುತ್ತಿದ್ದಳು. ಹಿತ್ತಲ ಖೋಲಿಯಲ್ಲಿ ಒಂದು ಚಾಪೆ, ಒಂದು ಚೊಂಬು, ಬೇರೆ ತಾಟು. ಅಡುಗೆಮನೆಗೆ ಕಾಲಿಡುವಂತಿಲ್ಲ, ಯಾರನ್ನೂ ಮುಟ್ಟುವಂತಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ತಲೆಯ ಮೇಲೆ ನೀರು ಹಾಕಿಕೊಂಡು ಒಳಗೆ ಬರುತ್ತಿದ್ದಳು. ಆ ಮೂರು ದಿನ ಪುಣೆಯ ರೇಸಿಂಗ್ ಪಾರ್ಟಿನ ದಂಧೆ ಪೂರ್ತಿ ಬಂದ್.

ಇದನ್ನು ಗಿರಾಕಿಗಳಿಗೆ ಹೇಗೆ ಹೇಳುವುದು? ಅಪ್ಪ ಒಂದು ಸುಳ್ಳು ಹುಟ್ಟಿಸಿದ. ತನ್ನ ಹತ್ತಿರ ಜರ್ಮನ್ ಮಷಿನ್ ಇದೆ, ಹಳೆಯದು, ಲಿಲಾವಿನಲ್ಲಿ ಕೂಗಿ ಹಿಡಿದದ್ದು, ಭಾರಿ ನಾಜೂಕು, ತಿಂಗಳಿಗೆ ಮೂರು ದಿನ ಅದರ ಸರ್ವಿಸಿಂಗ್ ಇರುತ್ತದೆ. ಜನ ನಂಬಿದರು. ಜರ್ಮನಿಯ ಹೆಸರು ಹೇಳಿದರೆ ಪುಣೆಯ ಇಂಜಿನಿಯರುಗಳು ಏನನ್ನಾದರೂ ನಂಬುತ್ತಿದ್ದರು. ಕ್ರಮೇಣ ಕೆಲವರಿಗೆ ಮಷಿನ್ನಿನ ತಾರೀಖೂ ಗೊತ್ತಾಗಿಬಿಟ್ಟಿತು. ಒಬ್ಬ ಗಿರಾಕಿ ನಮ್ಮ ಪಡಸಾಲೆಯಲ್ಲಿ ಕೂತು, ಮುಂದಿನ ವಾರ ನಿಮ್ಮ ಮಷಿನ್ ಬಂದ್ ಇರುತ್ತದಲ್ಲ, ಅದಕ್ಕೇ ಈಗಲೇ ತಂದೆ ಅಂದಾಗ, ಒಳಗೆ ಚಹಾ ಸೋಸುತ್ತಿದ್ದ ಅವ್ವನ ಮುಖ ಕೆಂಪಾದದ್ದನ್ನು ನಾನು ನೋಡಿದ್ದೇನೆ. ನನ್ನ ತಮ್ಮ ಹೊಟ್ಟೆಯಲ್ಲಿದ್ದಾಗ ಮಷಿನ್ ತಿಂಗಳುಗಟ್ಟಲೆ ಒಂದು ದಿನವೂ ನಿಲ್ಲಲಿಲ್ಲ. ಗಿರಾಕಿಗಳು ಖುಷಿಪಟ್ಟರು, ಅಪ್ಪ ಹೊಸ ಬಿಡಿಭಾಗ ತರಿಸಿದೆ ಅಂದ. ಹೆರಿಗೆಯಾಗಿ ಬಾಣಂತನ ಬಂದಾಗ ಮಷಿನ್ ದೊಡ್ಡ ರಿಪೇರಿಗೆ ಮುಂಬಯಿಗೆ ಹೋಯಿತು. ನಮಗೆ ಮಕ್ಕಳಿಗೆ ಕಟ್ಟಪ್ಪಣೆ, ಶಾಲೆಯಲ್ಲಿ ಯಾರಾದರೂ ಕೇಳಿದರೆ ಮಷಿನ್ ಭೋಸರಿಯಲ್ಲಿದೆ ಅನ್ನಬೇಕು. ನಾನು ಅನ್ನುತ್ತಿದ್ದೆ. ಅನ್ನುವಾಗ ಸಿಟ್ಟು ಬರುತ್ತಿತ್ತು, ಯಾರ ಮೇಲೆ ಅಂತ ಗೊತ್ತಾಗುತ್ತಿರಲಿಲ್ಲ. ಒಮ್ಮೆ ಅವ್ವನನ್ನೇ ಕೇಳಿದೆ, ನೀನೇ ಮಾಡ್ತಿ ಅಂತ ಯಾಕೆ ಹೇಳಬಾರದು ಅಂತ. ಮಂದಿಗೆ ಗೊತ್ತಾಗಿ ಏನಾಗಬೇಕು, ನಿಮ್ಮಪ್ಪನಿಗೆ ಗೊತ್ತಿದ್ದರ ಸಾಕು ಅಂದಳು. ಆಗ ಅವಳು ಅದನ್ನು ನಂಬಿದ್ದಳು ಅಂತ ಕಾಣುತ್ತದೆ.

ನನಗೆ ಹನ್ನೊಂದು ತುಂಬಿದ್ದಾಗ ದಂಡಿನ ಪ್ರದೇಶವಾದ ಕ್ಯಾಂಪಿನ ಜಾಲ್ ಶೇಠ್‌ರಿಂದ ಒಂದು ಸುದ್ದಿ ಬಂತು. ಪಾರ್ಸಿ ಗೃಹಸ್ಥರು, ತಾವೂ ರೇಸು ಓಡಿಸುತ್ತಿದ್ದರು, ಅವರ ಮಗನೂ ಓಡಿಸುತ್ತಿದ್ದ, ಅವರದೇ ಒಂದು ತಂಡವಿತ್ತು. ನಾಲ್ಕು ವರ್ಷದಿಂದ ಆಗೊಂದು ಈಗೊಂದು ಸೆಟ್ಟು ಮಾಡಿಸಿಕೊಂಡು ಹೋಗುತ್ತಿದ್ದವರು, ಇನ್ನು ಮುಂದೆ ತಂಡದ ಎಲ್ಲ ಎಂಜಿನ್ನುಗಳ ಕೆಲಸ ನಮಗೇ ಕೊಡುವುದಾಗಿ ಹೇಳಿಕಳಿಸಿದರು. ಅಪ್ಪನಿಗೆ ಅದು ಸಿಕ್ಕರೆ ಅರ್ಧ ಶೆಡ್ಡು ಪೂರ್ತಿ ಶೆಡ್ಡಾಗುತ್ತಿತ್ತು. ಒಂದೇ ಷರತ್ತು. ಒಂದು ವಾರ ಬಿಟ್ಟು ಬರುತ್ತೇನೆ, ಒಂದು ಸೆಟ್ಟು ಮಾಡಿ ಇಟ್ಟಿರು, ಆ ಮಷಿನ್ ಒಮ್ಮೆ ಕಣ್ಣಾರೆ ನೋಡಬೇಕು.

ಅಪ್ಪ ಆ ಸಂಜೆ ಊಟಕ್ಕೆ ಕೂತಾಗ ಮುಖ ಗಂಟು ಹಾಕಿಕೊಂಡಿದ್ದ. ಎರಡು ರೊಟ್ಟಿ ಮುಗಿಯುವ ಹೊತ್ತಿಗೆ ಉಪಾಯ ಹೊಳೆದು ಮುಖ ಬಿಚ್ಚಿತು. ಪಕ್ಕದ ಶೆಡ್ಡಿನವನ ಹತ್ತಿರ ಹಸಿರು ಬಣ್ಣದ ದೊಡ್ಡ ಗ್ರೈಂಡಿಂಗ್ ಮಷಿನ್ ಇದೆ, ಅದನ್ನೇ ತೊಳೆದು ಒರೆಸಿ ಒಂದು ದಿನದ ಮಟ್ಟಿಗೆ ತೋರಿಸಿಬಿಟ್ಟರಾಯಿತು ಅಂದ. ಅವ್ವ ಪಲ್ಯ ಬಡಿಸುತ್ತಿದ್ದಳು.

"ಅದನ್ನ ನಡಸೋರು ಯಾರಂತ ಹೇಳ್ತೀರಿ?"

"ಯಾರಂತ ಅಂದ್ರ? ನಾನss ನಡಸ್ತೀನಂತ ಹೇಳ್ತೀನಿ."

"ನಾಲ್ಕು ವರ್ಷದ ಕೆಲಸಾನೂ?"

"ಹೌದು ಮತ್ತ. ಇನ್ನೇನ್ ಹೇಳ್ಲಿ, ನಮ್ಮ ಮನ್ಯಾಗ ಒಲಿ ಮುಂದ ಆಗ್ತದ ಅಂತ ಹೇಳ್ಲೇನು? ಎದ್ದು ಹೋಗ್ತಾರವರು."

ಅವ್ವ ಪಲ್ಯದ ಪಾತ್ರೆ ಕೆಳಗಿಟ್ಟಳು. ಅಪ್ಪನ ತಾಟಿಗೆ ಮಜ್ಜಿಗೆ ಹಾಕಿ ಒಳಗೆ ಹೋದಳು.

ಮರುದಿನ ನಾನು ಎದ್ದಾಗ ಒಲೆಯ ಮುಂದೆ ಅಜ್ಜಿಯಿದ್ದಳು. ಅವ್ವ ಹಿತ್ತಲ ಖೋಲಿಯಲ್ಲಿ ಚಾಪೆ ಹಾಕಿಕೊಂಡು ಗೋಡೆಗೆ ಒರಗಿ ಕೂತಿದ್ದಳು. ಇದರಲ್ಲಿ ವಿಶೇಷವೇನೂ ನನಗೆ ಕಾಣಲಿಲ್ಲ. ವಿಶೇಷ ಕಂಡದ್ದು ಅಜ್ಜಿಗೆ. ಹಬ್ಬ, ಶ್ರಾದ್ಧ, ಮನೆಗೆ ಬರುವ ನೆಂಟರು, ಎಲ್ಲವನ್ನೂ ಸೊಸೆಯ ದಿನ ನೋಡಿಕೊಂಡೇ ಗೊತ್ತುಮಾಡಬೇಕಾದ್ದರಿಂದ ಆ ಲೆಕ್ಕ ಅಜ್ಜಿಯ ಬಳಿ ಪಕ್ಕಾ ಇರುತ್ತಿತ್ತು. ಅವಳು ಬೆರಳಿನ ಗೆಣ್ಣು ಎಣಿಸಿದಳು. ಪಂಚಾಂಗ ತೆಗೆದು ನೋಡಿದಳು. ಇನ್ನೊಮ್ಮೆ ಎಣಿಸಿದಳು. ಹಿಂದಿನ ಸಲ ಅವ್ವ ಒಳಗೆ ಬಂದು ಹನ್ನೆರಡು ದಿನವಾಗಿತ್ತು ಅಷ್ಟೇ, ಇದು ನನಗೇ ನೆನಪಿತ್ತು, ಆ ದಿನ ಸಂಕಷ್ಟಿಯಾಗಿತ್ತು. ಅಜ್ಜಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡು ಅವ್ವನ ತಾಟು ಕೈಗೆತ್ತಿಕೊಂಡಳು. ಹಿತ್ತಲ ಬಾಗಿಲಲ್ಲಿ ಅದನ್ನಿಟ್ಟು, ದೂರದಿಂದಲೇ ಸೊಸೆಯ ಮುಖವನ್ನು ಒಂದು ಗಳಿಗೆ ನೋಡಿದಳು. ಅವ್ವ ತಲೆ ಎತ್ತಲಿಲ್ಲ.

"ಉಣ್ಣು. ಆರ್ತದ."

ಅಜ್ಜಿ ಹೇಳಿದ್ದು ಇಷ್ಟೇ.

ಮೂರು ದಿನ ಕಳೆಯಿತು. ನಾಲ್ಕನೆಯ ದಿನ ಬಚ್ಚಲಲ್ಲಿ ನೀರಿನ ಸದ್ದು ಕೇಳಲಿಲ್ಲ. ಐದನೆಯ ದಿನವೂ ಇಲ್ಲ. ಅಜ್ಜಿಗೆ ಆಗ ಎಪ್ಪತ್ತರ ಹತ್ತಿರ, ಮೊಣಕಾಲು ಹಿಡಿದುಕೊಂಡು ಏಳುತ್ತ ಕೂಡುತ್ತ ಎಲ್ಲರ ರೊಟ್ಟಿ ಬಡಿದಳು. ಒಂದು ದಿನವೂ ಗೊಣಗಲಿಲ್ಲ, ಇದು ನಮ್ಮ ಅಜ್ಜಿಯ ಮಟ್ಟಿಗೆ ಬಹಳ ದೊಡ್ಡ ಮಾತು. ಅಪ್ಪನಿಗೆ ಕೇಳುವ ದಾರಿಯಿರಲಿಲ್ಲ. ಗಂಡಸರು ಆ ವಿಷಯ ಎತ್ತುವಂತಿಲ್ಲ, ಎತ್ತಿದರೂ ಹೆಂಗಸರ ಮಾತನ್ನು ಅಲ್ಲ ಅನ್ನುವಂತಿಲ್ಲ. ಕೊನೆಗೆ ತಡೆಯಲಾಗದೆ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ತಾಯಿಯನ್ನು ಕೇಳಿದ.

"ಇನ್ನೂ ಎಷ್ಟ ದಿನಾ ಇದು?"

"ಹೆಂಗಸರ ಲೆಕ್ಕ ನಿನಗ್ಯಾಕ? ನಿನ್ನ ಹಸರ ಮಷಿನ್ ಅದ ಅಲ್ಲ, ಅದರ ಕಡೆ ಮಾಡಿಸು."

ಅಜ್ಜಿ ಅವ್ವನ ಪರವಾಗಿ ನಿಲ್ಲುತ್ತಾಳೆ ಅಂತ ಅಪ್ಪನಿರಲಿ, ನಾನೂ ಅಂದುಕೊಂಡಿರಲಿಲ್ಲ. ಅದಕ್ಕೂ ಮೊದಲು ಅವರಿಬ್ಬರೂ ಒಂದೇ ಮಾತಿಗೆ ಹೂಂ ಅಂದದ್ದು ನನಗೆ ನೆನಪಿಲ್ಲ. ಎಷ್ಟೋ ವರ್ಷ ಕಳೆದ ಮೇಲೆ ಅಜ್ಜಿಯನ್ನು ಕೇಳಿದೆ, ಸುಳ್ಳು ಅಂತ ಗೊತ್ತಿದ್ದೂ ಯಾಕೆ ಸುಮ್ಮನಿದ್ದಿ ಅಂತ. ಹೊರಗ ಕೂತಾಕಿನ್ನ ಯಾಕ ಕೂತಿ ಅಂತ ಕೇಳೂ ಪದ್ಧತಿ ನಮ್ಮಲ್ಲಿಲ್ಲ ಅಂದಳು. ಪದ್ಧತಿಯ ಮಾತಿನಲ್ಲಿ ಅಜ್ಜಿಯನ್ನು ಗೆಲ್ಲುವುದು ಯಾರಿಗೂ ಸಾಧ್ಯವಿರಲಿಲ್ಲ.

ಆರನೆಯ ದಿನ ಮಧ್ಯಾಹ್ನ ಅಪ್ಪ ತಾನೇ ಸ್ನಾನ ಮಾಡಿ, ಮಡಿ ಪಂಚೆ ಉಟ್ಟು, ಅಡುಗೆಮನೆಯಲ್ಲಿ ತಕ್ಕಡಿಯ ಮುಂದೆ ಕೂತ. ಮರುದಿನ ಶೇಠ್ ಬರುವವರಿದ್ದರು. ಶಾಲೆಗೆ ಎರಡು ದಿನ ರಜೆಯಿದ್ದದ್ದರಿಂದ ನಾನೂ ಅಲ್ಲೇ ಇದ್ದೆ. ಮೂರನ್ನು ಚೆನ್ನಾಗಿಯೇ ತಂದ. ನಾಲ್ಕನೆಯದಕ್ಕೆ ಇನ್ನೊಂದು ಸಲ ಕೈ ಆಡಿಸಿದ. ಅದು ಹಗುರಾಯಿತು. ಸರಿ, ಉಳಿದ ಮೂರನ್ನು ಹೆರೆಯಲು ಕೂತ, ಅದರಲ್ಲೊಂದು ಅದಕ್ಕಿಂತ ಹಗುರಾಯಿತು. ಕುಂಟುವ ಮಣೆಯ ಕಾಲುಗಳನ್ನು ಸರಿ ಮಾಡಲು ಹೋದ ಹಾಗೆ ಒಂದರ ಹಿಂದೊಂದು ಹೆರೆಯುತ್ತ ಹೋದ. ಎರಡೂವರೆಗೆ ತಾಂಬಟರ ಸುತ್ತಿಗೆ ಶುರುವಾದಾಗ ನಾಲ್ಕೂ ಒಂದೇ ತೂಕ ಇದ್ದವು, ಆದರೆ ಒಳಗಿನ ಗೋಡೆ ತೆಳ್ಳಗಾಗಿ ಯಾವ ಎಂಜಿನ್ನಿಗೂ ಹಾಕುವಂತಿರಲಿಲ್ಲ. ಅಪ್ಪ ಅವನ್ನು ಗಂಟು ಕಟ್ಟಿ ಮೂಲೆಗಿಟ್ಟ. ಎದ್ದು ಹಿತ್ತಲ ಖೋಲಿಯ ಬಾಗಿಲಿಗೆ ಹೋಗಿ ನಾಲ್ಕು ಹೆಜ್ಜೆ ದೂರ ನಿಂತ. ನಾನು ಬಚ್ಚಲ ಕಟ್ಟೆಯ ಮೇಲೆ ಕೂತು ಕಾಲು ತೊಳೆಯುವ ನೆಪ ಮಾಡಿದೆ.

"ಪಿಸ್ಟನ್ ಹಾಳಾದ್ವು."

"ಎಷ್ಟು?"

"ನಾಲ್ಕೂ."

ಅವ್ವನಿಗೆ ಸಂಕಟವಾಯಿತು, ನನಗೆ ಕಂಡಿತು. ಅವು ಅವಳ ಕೈಗೆ ಬರಬೇಕಾದವು.

"ಇನ್ನೊಂದ ಸೆಟ್ಟು ಅದ?"

"ಅದ. ಏನ್ ಬೇಕು ನಿನಗ, ಒಮ್ಮೆ ಹೇಳಿಬಿಡು."

"ನನಗೇನ್ ಬ್ಯಾಡ್ರಿ. ಮಂದಿಗೆಲ್ಲಾ ಸಾರ್ರಿ ಅಂತನೂ ಅನ್ನಂಗಿಲ್ಲ. ಇಷ್ಟ ದಿನಾ ಮಷಿನ್ ಅಂದ್ರಿ, ಸುಮ್ಮನಿದ್ದೆ. ಮಷಿನ್ ಅಂದ್ರ ಅದು ನಾನss ಅಂತ ನಿಮಗ ಗೊತ್ತಿತ್ತು. ಈಗ ನೀವss ಮಾಡ್ತೀರಂತ ನಿಮ್ಮ ಹೆಸರು ಹೇಳ್ತೀರಿ. ಹಂಗಾರ ನಾ ಎಲ್ಲಿ ಹೋದೆ?"

ಅಪ್ಪ ಪಂಚೆಯ ಅಂಚು ಕೈಯಲ್ಲಿ ಹಿಡಿದುಕೊಂಡು ಒಳಗೆ ಹೋದ. ಅಪ್ಪ ಕೆಟ್ಟವನಲ್ಲ, ಇದನ್ನು ನಾನು ಯಾವತ್ತೂ ಹೇಳುತ್ತೇನೆ. ಅಂಜುಬುರುಕ. ಊರು ಬಿಟ್ಟು ಬಂದು ಪರಭಾಷೆಯವರ ನಡುವೆ ದಂಧೆ ಮಾಡುವವನಿಗೆ ಯಾರಾದರೂ ನಕ್ಕುಬಿಟ್ಟಾರು ಅನ್ನುವ ಭಯ ಹಗಲೂ ರಾತ್ರಿ ಇರುತ್ತದೆ. ಅದು ಗೊತ್ತಿದ್ದೂ ಆವತ್ತು ನನಗೆ ಅವನ ಮೇಲೆ ಬಂದ ಸಿಟ್ಟು ಇಳಿಯಲಿಲ್ಲ.

ಮರುದಿನ ಬೆಳಿಗ್ಗೆ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಭೋಸರಿಗೆ ಹೋದ. ಏನು ಮಾಡುತ್ತಾನೆಂದು ಯಾರಿಗೂ ಹೇಳಲಿಲ್ಲ. ಹಸಿರು ಮಷಿನ್ ಒರೆಸಿಟ್ಟದ್ದು ನಮಗೆ ಗೊತ್ತಿತ್ತು. ಅವ್ವ ಬಾಗಿಲು ಓರೆ ಮಾಡಿಕೊಂಡು ಒಳಗೇ ಕೂತಿದ್ದಳು, ಅಜ್ಜಿ ಸುಮ್ಮಸುಮ್ಮನೆ ಅಕ್ಕಿ ಆರಿಸುತ್ತಿದ್ದಳು. ಹನ್ನೊಂದೂವರೆಯ ಹೊತ್ತಿಗೆ ಓಣಿಯ ಹುಡುಗರ ಗದ್ದಲ ಕೇಳಿತು. ದೊಡ್ಡ ಕಾರು ಓಣಿಯೊಳಗೆ ಬರಲಾರದೆ ಬಾಯಲ್ಲೇ ನಿಂತು, ಅಪ್ಪ ಮತ್ತು ಜಾಲ್ ಶೇಠ್ ನಡೆದುಕೊಂಡು ಬಂದರು. ಅಪ್ಪನ ಕೈಯಲ್ಲಿ ಅರಿವೆಯ ಗಂಟಿತ್ತು. ಶೇಠ್ ಎತ್ತರದ ಮನುಷ್ಯ, ನಮ್ಮ ಪಡಸಾಲೆಯ ತೊಲೆಗೆ ತಲೆ ತಗ್ಗಿಸಿ ಒಳಗೆ ಬಂದು ಸುತ್ತಲೂ ನೋಡಿದರು. ಒಂದು ಜೋಕಾಲಿ, ಎರಡು ಟ್ರಂಕು, ಗೋಡೆಯ ಮೇಲೆ ದೇವರ ಪಟ.

"ಮಶೀನ್ ಕುಠಂಯ್?" ಅಂದರು, ಮಷಿನ್ ಎಲ್ಲಿ ಅಂತ.

ತಾಂಬಟರ ಸುತ್ತಿಗೆಗಳು ಜೋರಾಗಿದ್ದವು. ಅಪ್ಪ ಅದಕ್ಕೂ ಮೇಲೆ ದನಿ ಎತ್ತಿ, ಹಿತ್ತಲಿಗೆ ಕೇಳುವ ಹಾಗೆ, ಮರಾಠಿಯಲ್ಲಿ ಹೇಳಿದ. ಮಷಿನ್ ಇಲ್ಲ. ಯಾವತ್ತೂ ಇರಲಿಲ್ಲ. ನಾಲ್ಕು ವರ್ಷದಿಂದ ನಿಮ್ಮ ಎಂಜಿನ್ನುಗಳ ತೂಕ ಸರಿ ಮಾಡಿದವಳು ನನ್ನ ಹೆಂಡತಿ ಇಂದಿರಾ. ನಾನು ಮಾಡಲು ಹೋಗಿ ನಿನ್ನೆ ಒಂದು ಸೆಟ್ಟು ಕೆಡಿಸಿದ್ದೇನೆ. ಅಪ್ಪನ ಬಾಯಲ್ಲಿ ಅವ್ವನ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು. ನಮ್ಮಲ್ಲಿ ಗಂಡ ಹೆಂಡತಿಯನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಕೇಳಿಸ್ತದೇನು, ಇಲ್ಲಿ ಬಾ, ಇಷ್ಟರಲ್ಲೇ ಜನ್ಮ ಕಳೆಯುತ್ತಿತ್ತು. ಅಜ್ಜಿಯ ಕೈಯಲ್ಲಿದ್ದ ಮೊರ ನಿಂತುಹೋಯಿತು. ನನಗೆ ಅಳು ಬಂತು.

ಶೇಠ್ ನಗಲಿಲ್ಲ. ಹಾಗಾದರೆ ಜರ್ಮನ್ ಅಂತ ಯಾಕೆ ಹೇಳಿದಿ ಅಂತ ಕೇಳಿದರು. ಹೆದರಿದೆ ಅಂದ ಅಪ್ಪ. ಕೆಲಸ ಮಾಡುವುದನ್ನು ನೋಡಬೇಕು ಅಂದರು. ಅಪ್ಪ ಅಜ್ಜಿಯ ಮುಖ ನೋಡಿದ, ನೆಲ ನೋಡಿದ, ಇವತ್ತು ಆಗುವುದಿಲ್ಲ, ಅವಳು ಆ ಕಡೆ ಕೂತಿದ್ದಾಳೆ ಅಂತ ತಡವರಿಸಿದ. ಶೇಠ್ ತಲೆಯಾಡಿಸಿದರು. ತಮ್ಮ ಅಜ್ಜಿಗೂ ಬೇರೆ ಖೋಲಿ, ಬೇರೆ ಕಬ್ಬಿಣದ ಮಂಚ ಇತ್ತು, ಪಾರ್ಸಿಗಳಲ್ಲೂ ಇದೆಲ್ಲ ಇತ್ತಪ್ಪ ಅಂದರು. ಆಮೇಲೆ ಸರ್ವಿಸಿಂಗಿನ ಗುಟ್ಟು ತಲೆಗೆ ಹೋಗಿ, ಮೈಯೆಲ್ಲ ಅಲುಗುವಂತೆ ನಗತೊಡಗಿದರು. ಅವರ ನಗು ನಿಲ್ಲುವ ಮೊದಲೇ ಬಚ್ಚಲಲ್ಲಿ ಕೊಡದಿಂದ ನೀರು ಸುರಿಯುವ ಸದ್ದು ಕೇಳಿತು. ಅಜ್ಜಿ ಎದ್ದು ಮಡಿ ಸೀರೆ ತೆಗೆದು ಬಚ್ಚಲ ಬಾಗಿಲಿಗೆ ಹಾಕಿಬಂದಳು.

ಒದ್ದೆ ಕೂದಲನ್ನು ಗಂಟು ಕಟ್ಟಿಕೊಂಡು ಅವ್ವ ಅಡುಗೆಮನೆಗೆ ಬಂದಾಗ ಹನ್ನೆರಡಾಗಿರಲಿಲ್ಲ. ತಾಂಬಟರು ಊಟಕ್ಕೆ ಏಳುವವರೆಗೆ ಆಗುವುದಿಲ್ಲ ಅಂತ ಅಪ್ಪನ ಕೈಲಿ ಹೇಳಿಕಳಿಸಿದಳು. ಕ್ಯಾಂಪಿನ ಜಾಲ್ ಶೇಠ್ ಒಂದು ತಾಸಿಗೂ ಹೆಚ್ಚು ನಮ್ಮ ಜೋಕಾಲಿಯ ಮೇಲೆ ಕೂತು ಅಜ್ಜಿ ಕೊಟ್ಟ ಅವಲಕ್ಕಿ ತಿಂದರು. ಸುತ್ತಿಗೆಗಳು ನಿಂತ ಮೇಲೆ ಬೂಟು ಬಿಚ್ಚಿ, ಅಡುಗೆಮನೆಯ ಹೊಸ್ತಿಲ ಆಚೆ ಉಸಿರು ಬಿಗಿಹಿಡಿದು ನಿಂತರು. ಅವ್ವ ಒಮ್ಮೆಯೂ ಅವರ ಕಡೆ ನೋಡಲಿಲ್ಲ. ಅಂಗೈಯಲ್ಲಿಟ್ಟು ನೋಡಿ, ತೂಗಿ, ಹೆರೆದು, ಬಟ್ಟೆಯಿಂದ ತಿಕ್ಕಿ, ನಾಲ್ಕನ್ನೂ ಸಮಕ್ಕೆ ತಂದಾಗ ಎರಡು ಗಂಟೆ. ನಾಲ್ಕು ಸಲವೂ ಮುಳ್ಳು ಒಂದೇ ಗೀಟಿನ ಮೇಲೆ ನಿಂತಿತು. ಶೇಠ್ ದೀರ್ಘವಾಗಿ ಉಸಿರು ಬಿಟ್ಟರು. ಕೆಲಸ ಕೊಟ್ಟೆ ಅಂದರು, ಆದರೆ ಒಂದು ಮಾತು. ರೇಸಿನ ಹಿಂದಿನ ವಾರ ಯಾವ ದಿನ ಬೇಕಾದರೂ ಕೆಲಸ ಬೀಳುತ್ತದೆ, ಈ ಮೂರು ದಿನದ ಬಂದ್ ನಡೆಯುವುದಿಲ್ಲ. ಅಪ್ಪ ಅಜ್ಜಿಗೆ ಅದನ್ನು ಕನ್ನಡದಲ್ಲಿ ಹೇಳಿದ. ಅಜ್ಜಿಗೆ ಆವತ್ತು ಹುರುಪು ಬಂದುಬಿಟ್ಟಿತ್ತು.

"ಅದಕ್ಕೇನಾತು? ಲೋಹಕ್ಕ ಮೈಲಿಗಿ ಎಲ್ಲಿದು? ಹಿತ್ತಲ ಖೋಲಿನೂ ಕಲ್ಲಿನ ಗ್ವಾಡಿದss ಅದ. ಆ ಮೂರು ದಿನಾ ತಕ್ಕಡಿ ಅಲ್ಲಿಟ್ಟರಾತು, ಕೂತಲ್ಲೇ ಮಾಡ್ತಾಳ."

ಅಪ್ಪನ ಮುಖ ಅರಳಿತು. ಅಜ್ಜಿಯಂಥ ಅಜ್ಜಿ ತಾನಾಗಿ ಇಷ್ಟು ಬಿಟ್ಟುಕೊಟ್ಟಿದ್ದಳು. ಎಲ್ಲ ಸುಸೂತ್ರವಾಯಿತು ಅಂತ ನನಗೂ ಅನ್ನಿಸಿತು. ಆಗ ಅವ್ವ ಚೂರಿ ಕೆಳಗಿಟ್ಟು, ಮರಾಠಿ ಚೆನ್ನಾಗಿ ಬರುತ್ತಿದ್ದರೂ ಕನ್ನಡದಲ್ಲೇ ಮಾತಾಡಿದಳು.

"ಇಲ್ಲ ಅತ್ತಿಯವ್ರ. ಆ ಮೂರು ದಿನಾ ನಾ ಮಾಡಂಗಿಲ್ಲ. ಮೂವತ್ತು ದಿನದಾಗ ನಾ ಕೂತು ಉಣ್ಣೋದು ಆ ಮೂರೇ ದಿನಾ. ಅವನ್ನ ಯಾರಿಗೂ ಕೊಡಂಗಿಲ್ಲ."

ಅಜ್ಜಿ ಅವ್ವನನ್ನೇ ನೋಡುತ್ತಿದ್ದಳು. ಅವಳು ಸೊಸೆಯಾಗಿದ್ದ ಕಾಲದಲ್ಲಿ ಎಷ್ಟು ದಿನ ಕೂತು ಉಂಡಿದ್ದಳೋ, ಆ ಲೆಕ್ಕ ನಮಗೆ ಯಾರಿಗೂ ಗೊತ್ತಿರಲಿಲ್ಲ. ಅವ್ವ ಏನು ಹೇಳಿದಳು ಅಂತ ಶೇಠ್ ಅಪ್ಪನ ಮುಖ ನೋಡಿದರು. ಅಪ್ಪ ಅವ್ವ ಹೇಳಿದ್ದನ್ನು ಒಂದು ಮಾತೂ ಬಿಡದೆ ಮರಾಠಿಯಲ್ಲಿ ಹೇಳಿದ. ಶೇಠ್ ಗಡ್ಡ ಕೆರೆದುಕೊಂಡು ಹೊಸ್ತಿಲಲ್ಲೇ ನಿಂತರು. ಸರಿ, ಹಾಗಾದರೆ ಮೊದಲ ಎಂಜಿನ್ನಿನ ಸೆಟ್ಟು ಯಾವತ್ತು ಕೊಡುತ್ತೀರಿ, ಅದಾದರೂ ಹೇಳಿ ಅಂದರು. ಅಲ್ಲಿಯವರೆಗೆ ಗಿರಾಕಿಗಳಿಗೆ ದಿನ ಕೊಡುತ್ತಿದ್ದವನು ಅಪ್ಪ. ಕೊಟ್ಟು ಬಂದು ಮನೆಯಲ್ಲಿ ಹೇಳುತ್ತಿದ್ದ, ಅವ್ವ ಆ ದಿನಕ್ಕೆ ಮುಗಿಸುತ್ತಿದ್ದಳು. ಆವತ್ತೂ ಅವನ ಬಾಯಿ ತೆರೆದಿತ್ತು. ತೆರೆದದ್ದನ್ನು ಮುಚ್ಚಿಕೊಂಡು ಒಳಗೆ ತಿರುಗಿದ.

"ಇಂದಿರಾ, ಯಾವತ್ತು ಅಂತ ಹೇಳ್ಲಿ?"

ಅವ್ವ ಅವಸರ ಮಾಡಲಿಲ್ಲ. ಸೆರಗಿನೊಳಗೆ ಬೆರಳು ಎಣಿಸಿ, ಇನ್ನೊಮ್ಮೆ ಎಣಿಸಿ, ಬರುವ ತಿಂಗಳ ಎರಡನೇ ಗುರುವಾರ ಅಂದಳು. ಅಪ್ಪ ಶೇಠ್‌ಗೆ ಅದೇ ದಿನ ಹೇಳಿದ.